ಬೈರಿಗೆಯಿಂದ ವಿದ್ಯುತ್ ಡ್ರಿಲ್‌ವರೆಗೆ

ಹಗ್ಗ ಸುತ್ತಿ ಎಳೆದು ಮರಕ್ಕೆ ರಂಧ್ರ ಕೊರೆಯುವ ಬಡಗಿಯ ಬೈರಿಗೆಯನ್ನು ನೀವು ನೋಡಿರಬಹುದು. ಕೊರೆಯುವ ಕೆಲಸಕ್ಕೆ ವಿದ್ಯುತ್ತನ್ನು ಹೂಡಿ 1889ರಲ್ಲಿ ಪೇಟೆಂಟ್ ಪಡೆದವರು ಆಸ್ಟ್ರೇಲಿಯದ ಮೆಲ್ಬರ್ನ್‌ನ ಆರ್ಥರ್ ಆರ್ನಾಟ್ ಮತ್ತು ವಿಲಿಯಂ ಬ್ರೇನ್. 1895ರಲ್ಲಿ ಜರ್ಮನಿಯ ಫೈನ್ ಸಂಸ್ಥೆ ಕೈಯಲ್ಲಿ ಹಿಡಿಯಬಹುದಾದ ಡ್ರಿಲ್ಲನ್ನು ನಿರ್ಮಿಸಿತು. ಅಮೆರಿಕದ ಡಂಕನ್ ಬ್ಲ್ಯಾಕ್ ಮತ್ತು ಅಲಾಂಜೊ ಡೆಕರ್ ಅವರಿಗೆ 1917ರಲ್ಲಿ ಪೇಟೆಂಟ್ ದೊರೆತದ್ದು ಪಿಸ್ತೂಲಿನಂಥ ಹಿಡಿ ಹಾಗೂ ಬೆರಳಿನಿಂದ ಒತ್ತುವ ಸ್ವಿಚ್‌ಗಾಗಿ. ಬೆರಳು ಸಡಿಲಿಸಿದೊಡನೆ ವಿದ್ಯುತ್ ಕಡಿತ! 1961ರಲ್ಲಿ ಅವರ ಸಂಸ್ಥೆಯೇ ಬ್ಯಾಟರಿ ಡ್ರಿಲ್ಲನ್ನು ಹೊರತಂದಿತು.

ಮೋಟಾರಿನ ಬಲ ಮೊದಲೇ ಇತ್ತು. ಆಮೇಲೆ ಬಂದದ್ದು ಅದರ ಮೇಲಿನ ಹತೋಟಿ. ಕೊಳ್ಳುವಾಗ ನೀವು ನೋಡಬೇಕಾದುದೂ ಅದನ್ನೇ. ಸಾಮರ್ಥ್ಯವೆಂದರೆ ಟಾರ್ಕ್ ಮತ್ತು ಕೋನವೇಗಗಳ ಗುಣಲಬ್ಧ. ಕೊರೆಯುವ ಮೊನೆ ಗೋಡೆಯೊಳಗೆ ಸಿಕ್ಕಿಕೊಂಡರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಅದೇ ಟಾರ್ಕ್ ಯಂತ್ರವನ್ನೂ ನಿಮ್ಮ ಮಣಿಕಟ್ಟನ್ನೂ ತಿರುಚುತ್ತದೆ. ಆದ್ದರಿಂದ ಹೆಚ್ಚು ವಾಟ್ ಎಂದರೆ ಹೆಚ್ಚು ಒಳ್ಳೆಯದು ಎಂದಲ್ಲ.

ಮನೆಯ ಚಿಕ್ಕಪುಟ್ಟ ಕೆಲಸಕ್ಕೆ 10 ಮಿಲಿಮೀಟರ್ ಚಕ್ ಇರುವ, ಸುಮಾರು 500 ವಾಟ್‌ನ ಹಗುರ ಡ್ರಿಲ್ ಸಾಕು. ಒತ್ತಿದಷ್ಟೇ ವೇಗ ಕೊಡುವ ಸ್ವಿಚ್ ಇರಲಿ: ಉಕ್ಕಿಗೆ ನಿಧಾನ, ಮರಕ್ಕೆ ವೇಗ. ಇಟ್ಟಿಗೆ ಗೋಡೆಗೆ ಸುತ್ತುವುದರ ಜೊತೆಗೆ ಕುಟ್ಟುವ ಹ್ಯಾಮರ್ ವ್ಯವಸ್ಥೆಯೂ ಬೇಕು. ಚೌಕದೊಳಗೆ ಚೌಕದ ಗುರುತನ್ನು ಹುಡುಕಿ. ಅದು ಇಮ್ಮಡಿ ವಿದ್ಯುತ್ ನಿರೋಧದ ಸೂಚನೆ. ಕೊರೆಯುವ ಮೊದಲು ಕನ್ನಡಕ ಧರಿಸಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಬೇಡಿ. ಗೋಡೆಯೊಳಗಿನ ತಂತಿ ಕಣ್ಣಿಗೆ ಕಾಣುವುದಿಲ್ಲ.