ಹಾಡು ಅವನದು, ಲೆಕ್ಕ ಬೇರೆಯವರದು

2004ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಒಂದು ಹಳೇ ಗಿಬ್ಸನ್ ಎಸ್‌ಜಿ ಗಿಟಾರ್ ಹರಾಜಾಯಿತು. ಹೋದ ಬೆಲೆ 5,67,500 ಡಾಲರ್. ಅಷ್ಟು ಬೆಲೆ ಬರಲು ಕಾರಣ, ಅದು ಒಂದು ಕಾಲಕ್ಕೆ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ನುಡಿಸಿದ್ದ ಗಿಟಾರ್. ಹ್ಯಾರಿಸನ್ ಅದನ್ನು ಪೀಟ್ ಹ್ಯಾಮ್ ಎಂಬ ಗೆಳೆಯನಿಗೆ ಕೊಟ್ಟುಬಿಟ್ಟಿದ್ದ.

ಪೀಟ್ ಹ್ಯಾಮ್ ಹೆಸರು ನಮ್ಮಲ್ಲಿ ಹೆಚ್ಚಿನವರು ಕೇಳಿಲ್ಲ. ಆದರೆ ಅವನ ‘ವಿದೌಟ್ ಯೂ’ ಹಾಡು ಎಲ್ಲೋ ಒಂದು ಕಡೆ ಕಿವಿಗೆ ಬಿದ್ದೇ ಇರುತ್ತದೆ. ಅವನ ತಂಡ ಏರುಗತಿಯಲ್ಲಿದ್ದ 1971ರಲ್ಲಿ, ಸುಮಾರು ಹನ್ನೊಂದು ತಿಂಗಳ ಅವಧಿಗೆ ಸಂಬಳ, ಮುಂಗಡ ಎಲ್ಲಾ ಸೇರಿ ಅವನ ಕೈಗೆ ಬಂದದ್ದು 5,959 ಡಾಲರ್. ಅದೇ ಅವಧಿಗೆ ಮ್ಯಾನೇಜರ್ ಕಮಿಷನ್ ಅಂತ ಲೆಕ್ಕದ ಪಟ್ಟಿಯಲ್ಲಿ ಬರೆದದ್ದು 75,744 ಡಾಲರ್. ನಮ್ಮ ಕಡೆಯ ಗಾದೆ ಗೊತ್ತಲ್ಲ, ದೇವರು ಕೊಟ್ಟರೂ ಪೂಜಾರಿ ಕೊಡ.

ಹ್ಯಾಮ್ ಹುಟ್ಟಿದ್ದು 1947ರ ಏಪ್ರಿಲ್ 27ರಂದು, ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಸ್ವಾನ್ಸಿ ಎಂಬ ಬಂದರು ಊರಿನಲ್ಲಿ. ಹದಿಹರೆಯದಲ್ಲೇ ಗೆಳೆಯರ ಜೊತೆ ತಂಡ ಕಟ್ಟಿದ. ಊರಿನ ಒಂದು ಬೀದಿಯ ಹೆಸರನ್ನೇ ಹಿಡಿದು ತಂಡಕ್ಕೆ ‘ದಿ ಐವೀಸ್’ ಎಂದು ಹೆಸರಿಟ್ಟರು. ಆಮೇಲೆ ಲಂಡನ್ನಿಗೆ ಹೋಗಿ, ಎಲ್ಲರೂ ಒಂದೇ ಮನೆಯಲ್ಲಿ ಇದ್ದು, ಅಲ್ಲೇ ಹಾಡು ಬರೆದು, ಟೇಪಿನಲ್ಲಿ ಹಿಡಿದಿಡುತ್ತಿದ್ದರು. ಬೀಟಲ್ಸ್ ತಂಡದ ಸಹಾಯಕ ಮ್ಯಾಲ್ ಇವಾನ್ಸ್ ಆ ಟೇಪುಗಳನ್ನು ಮೆಚ್ಚಿ ಮೇಲಿನವರಿಗೆ ಕೇಳಿಸಿದ. 1968ರಲ್ಲಿ ಬೀಟಲ್ಸ್ ಅವರದೇ ಆ್ಯಪಲ್ ಕಂಪನಿ ಈ ಹುಡುಗರನ್ನು ಸೇರಿಸಿಕೊಂಡಿತು. ಮರುವರ್ಷ ತಂಡದ ಹೆಸರು ‘ಬ್ಯಾಡ್‌ಫಿಂಗರ್’ ಎಂದಾಯಿತು.

ಮೊದಲ ದೊಡ್ಡ ಗೆಲುವು ಪಾಲ್ ಮೆಕಾರ್ಟ್ನಿ ಬರೆದುಕೊಟ್ಟ ‘ಕಮ್ ಆ್ಯಂಡ್ ಗೆಟ್ ಇಟ್’. ಬೀಟಲ್ಸ್ ನೆರಳಿನಲ್ಲಿ ಬೆಳೆದವರು ಎಂಬ ಮಾತು ಅಲ್ಲಿಂದಲೇ ಅಂಟಿಕೊಂಡಿತು. ಆದರೆ 1970ರ ‘ನೋ ಮ್ಯಾಟರ್ ವಾಟ್’, 1971ರ ‘ಡೇ ಆಫ್ಟರ್ ಡೇ’ ಹ್ಯಾಮ್ ಸ್ವಂತ ರಚನೆಗಳು. ಎರಡೂ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಮೊದಲ ಹತ್ತರ ಪಟ್ಟಿ ಮುಟ್ಟಿದವು. ಎರಡನೆಯದಕ್ಕೆ ಹ್ಯಾರಿಸನ್ ನಿರ್ಮಾಪಕ. ಆ ಹಾಡಿನಲ್ಲಿ ತಂತಿಯ ಮೇಲೆ ಜಾರುವ ಗಿಟಾರ್ ದನಿ ಅವರಿಬ್ಬರದು.

1971ರ ಆಗಸ್ಟ್ 1ರಂದು ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನ್ಯೂಯಾರ್ಕಿನಲ್ಲಿ ನಡೆದ ಕಛೇರಿಯಲ್ಲೂ ಹ್ಯಾಮ್ ಇದ್ದ. ಆ ಕಛೇರಿ ಶುರುವಾದದ್ದು ಪಂಡಿತ್ ರವಿಶಂಕರ್ ಸಿತಾರ್ ಮತ್ತು ಅಲಿ ಅಕ್ಬರ್ ಖಾನ್ ಸರೋದ್‌ನಿಂದ. ಮುಂದೆ ಹ್ಯಾರಿಸನ್ ‘ಹಿಯರ್ ಕಮ್ಸ್ ದ ಸನ್’ ಹಾಡುವಾಗ ಅವನ ಪಕ್ಕದಲ್ಲಿ ನಿಂತು ಗಿಟಾರ್ ನುಡಿಸಿದವನು ಹ್ಯಾಮ್. ಆಗ ಅವನಿಗೆ 24 ವರ್ಷ.

ಇನ್ನು ‘ವಿದೌಟ್ ಯೂ’. ಹ್ಯಾಮ್ ಬಳಿ ಚರಣವಿತ್ತು, ಪಲ್ಲವಿ ಸರಿಯಾಗಿ ಕೂಡಿರಲಿಲ್ಲ. ತಂಡದ ಗೆಳೆಯ ಟಾಮ್ ಇವಾನ್ಸ್ ಬಳಿ ಪಲ್ಲವಿಯಿತ್ತು, ಚರಣ ಇರಲಿಲ್ಲ. ಎರಡು ಅರ್ಧ ಸೇರಿಸಿ ಒಂದು ಮಾಡಿದರು. 1970ರ ‘ನೋ ಡೈಸ್’ ಆಲ್ಬಮ್ಮಿನಲ್ಲಿ ಅದು ಸುಮ್ಮನೆ ಒಂದು ಹಾಡಾಗಿ ಕೂತಿತ್ತು. ಅಮೆರಿಕದ ಗಾಯಕ ಹ್ಯಾರಿ ನಿಲ್ಸನ್ ಅದನ್ನು ಕೇಳಿ ಬೀಟಲ್ಸ್ ಹಾಡು ಎಂದೇ ಭಾವಿಸಿದ್ದನಂತೆ. ಅವನು ಹಾಡಿದ್ದು 1972ರಲ್ಲಿ ಎರಡೂ ದೇಶಗಳಲ್ಲಿ ಒಂದನೇ ಸ್ಥಾನಕ್ಕೇರಿತು. ಬರೆದವರಿಗೆ ಮರುವರ್ಷ ಬ್ರಿಟನ್ನಿನ ಐವರ್ ನವೆಲ್ಲೊ ಪ್ರಶಸ್ತಿಯೂ ಬಂತು.

ಪ್ರಶಸ್ತಿ ಬಂತು ಸರಿ, ದುಡ್ಡು ಎಲ್ಲಿಗೆ ಹೋಯಿತು?

ಬೇರೆಯವರು ಹಾಡಿದರೂ ಬರೆದವನಿಗೆ ಪಾಲು ಬರಬೇಕು. ರೆಕಾರ್ಡ್ ಮಾರಾಟವಾದಾಗ ಒಂದಿಷ್ಟು, ರೇಡಿಯೊದಲ್ಲಿ ಬಂದಾಗ ಒಂದಿಷ್ಟು. ಆದರೆ 1970ರಲ್ಲಿ ತಂಡ ಸ್ಟ್ಯಾನ್ ಪೋಲಿ ಎಂಬ ನ್ಯೂಯಾರ್ಕಿನ ಮ್ಯಾನೇಜರ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತ್ತು. ಕಾರ್ಯಕ್ರಮದ ಹಣ, ರೆಕಾರ್ಡಿನ ಹಣ, ಹಾಡು ಬರೆದದ್ದರ ರಾಯಲ್ಟಿ, ಎಲ್ಲವೂ ಪೋಲಿ ಹಿಡಿತದ ಕಂಪನಿಗಳ ಖಾತೆಗೆ. ಹುಡುಗರಿಗೆ ಅಲ್ಲಿಂದ ಸಂಬಳ. ಅಂದರೆ ಹೊಲದ ಒಡೆಯನೇ ತನ್ನ ಹೊಲದಲ್ಲಿ ಕೂಲಿಗೆ ನಿಂತ ಹಾಗೆ. ತಂಡದಲ್ಲಿ ಕೆಲವರಿಗೆ ಅನುಮಾನವಿತ್ತು. ಹ್ಯಾಮ್ ಮಾತ್ರ ಕೊನೆಯವರೆಗೂ ಪೋಲಿಯನ್ನು ನಂಬಿದ.

1972ರಲ್ಲಿ ವಾರ್ನರ್ ಬ್ರದರ್ಸ್ ಜೊತೆ ದೊಡ್ಡ ಒಪ್ಪಂದವಾಯಿತು. ಆ ಕಂಪನಿ ಮುಂಗಡವಾಗಿ ಕೊಟ್ಟು, ಮುಟ್ಟದೆ ಇಡಬೇಕಿದ್ದ ಹಣದ ಲೆಕ್ಕ ಕೇಳಿದಾಗ ಉತ್ತರ ಬರಲಿಲ್ಲ. 1974ರ ಡಿಸೆಂಬರಿನಲ್ಲಿ ವಾರ್ನರ್ ಕೋರ್ಟಿಗೆ ಹೋಯಿತು. ಕೆಲವೇ ವಾರಗಳ ಹಿಂದೆ ಬಂದಿದ್ದ ಹೊಸ ಆಲ್ಬಮ್ ಅಂಗಡಿಗಳಿಂದ ವಾಪಸಾಯಿತು. ಮುಂದಿನ ಆಲ್ಬಮ್ಮನ್ನು ಕಂಪನಿ ತೆಗೆದುಕೊಳ್ಳಲೇ ಇಲ್ಲ, ಅದು ಹೊರಬಂದದ್ದು 2000ನೇ ಇಸವಿಯಲ್ಲಿ. ಸಂಬಳ ನಿಂತಿತು. ಹ್ಯಾಮ್ ಆಗಷ್ಟೇ ಮನೆ ಕೊಂಡಿದ್ದ, ಮನೆಯಲ್ಲಿ ಬಸುರಿ ಸಂಗಾತಿ.

1975ರ ಏಪ್ರಿಲ್ 24ರಂದು, 28ನೇ ಹುಟ್ಟುಹಬ್ಬಕ್ಕೆ ಮೂರು ದಿನ ಇರುವಾಗ, ಆತ ತನ್ನ ಜೀವ ತಾನೇ ಕಳೆದುಕೊಂಡ. ಬರೆದಿಟ್ಟ ಚೀಟಿಯಲ್ಲಿ ಪೋಲಿ ಹೆಸರಿತ್ತು. ಒಂದು ತಿಂಗಳಿಗೆ ಮಗಳು ಹುಟ್ಟಿದಳು. 1983ರ ನವೆಂಬರಿನಲ್ಲಿ ಟಾಮ್ ಇವಾನ್ಸ್ ಕೂಡ ಅದೇ ದಾರಿ ಹಿಡಿದ. ‘ವಿದೌಟ್ ಯೂ’ ರಾಯಲ್ಟಿಯ ಜಗಳ ಆಗಲೂ ಬಗೆಹರಿದಿರಲಿಲ್ಲ. ಹಾಡು ಮಾತ್ರ ದುಡಿಯುತ್ತಲೇ ಇತ್ತು. 1994ರಲ್ಲಿ ಮರಾಯಾ ಕೇರಿ ಹಾಡಿದಾಗ ಬ್ರಿಟನ್ನಿನಲ್ಲಿ ಮತ್ತೆ ಒಂದನೇ ಸ್ಥಾನ.

ಇದನ್ನೆಲ್ಲ ಈ ಬ್ಲಾಗಿನಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ಸಹಿ ಹಾಕುವವರು ಕಾಗದ ಓದುವುದಿಲ್ಲ ಎಂಬುದು ಸ್ವಾನ್ಸಿಯ ಕಥೆ ಮಾತ್ರ ಅಲ್ಲ. ಜಿಲ್ಲಾ ಸ್ಟ್ರಿಂಗರ್ ಆಗಿ ಸೇರಿದ ದಿನ ನನ್ನ ಮುಂದೆಯೂ ಒಂದು ಕಾಗದ ಇಟ್ಟಿದ್ದರು. ಕೆಲಸ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಸಹಿ ಹಾಕಿದೆ. ನಾನು ತೆಗೆದ ಫೋಟೊಗಳ ಹಕ್ಕು ಯಾರದು ಅಂತ ಅದರಲ್ಲಿ ಏನಿತ್ತೋ, ಇವತ್ತಿಗೂ ನನ್ನ ಬಳಿ ಪ್ರತಿ ಇಲ್ಲ. ನಾನು ಹ್ಯಾಮ್ ಅಲ್ಲ, ಆದರೆ ಆ ಖುಷಿ ಎಂಥದು ಅಂತ ನನಗೆ ಗೊತ್ತು.

ನಮ್ಮ ದೇಶದಲ್ಲಿ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಸಿನಿಮಾ ಹಾಡು ಬರೆದವರು, ರಾಗ ಹಾಕಿದವರು ಹಕ್ಕನ್ನು ಬರೆದುಕೊಟ್ಟರೂ, ಚಿತ್ರಮಂದಿರದ ಪ್ರದರ್ಶನದ ಹೊರಗೆ ಹಾಡು ಬಳಸಿದಾಗ ಬರುವ ರಾಯಲ್ಟಿಯಲ್ಲಿ ಸಮಪಾಲು ಅವರಿಗೆ ಉಳಿಯುತ್ತದೆ. ಬೇಡ ಅಂತ ಸಹಿ ಹಾಕಿದರೂ ಆ ಸಹಿ ನಡೆಯುವುದಿಲ್ಲ. ಗೀತರಚನೆಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ನಿಂತು ಇದರ ಪರ ವಾದಿಸಿದ್ದರು. ಕನ್ನಡದಲ್ಲಿ ಹಾಡು ಬರೆಯುವವರಿಗೂ ಅನ್ವಯಿಸುವ ಕಾನೂನು ಇದು. ನಮ್ಮ ತಾಲ್ಲೂಕುಗಳಲ್ಲಿ ಆಲ್ಬಮ್, ಯೂಟ್ಯೂಬ್ ಅಂತ ಹಾಡು ಬರೆದುಕೊಡುವ ಎಷ್ಟು ಹುಡುಗರಿಗೆ ತಮ್ಮ ಹಕ್ಕಿನ ಬಗ್ಗೆ ಗೊತ್ತು? ಒಮ್ಮೆ ಕೇಳಿ ನೋಡಿ. ಅದೇ ಒಂದು ಸುದ್ದಿಯಾಗುತ್ತದೆ.

2013ರಲ್ಲಿ, ಹ್ಯಾಮ್ ಹುಟ್ಟಿದ ದಿನವೇ, ಸ್ವಾನ್ಸಿಯ ಆ ಹಳೇ ಬೀದಿಯಲ್ಲಿ ಅವನ ಹೆಸರಿನ ನೀಲಿ ಫಲಕ ಹಾಕಿದರು. ಅದೇ ವರ್ಷ ಅಮೆರಿಕದ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯ ಕೊನೆಯ ದೃಶ್ಯದಲ್ಲಿ ಅವನ ‘ಬೇಬಿ ಬ್ಲೂ’ ಹಾಡು ಬಂದು, ಹೊಸ ಪೀಳಿಗೆ ಅದನ್ನು ಹುಡುಕಿ ಕೇಳಿತು. ನೀವೂ ಒಮ್ಮೆ ಕೇಳಿ. ಕೇಳುವಾಗ ಹಾಡಿದವರ ಹೆಸರಿನ ಕೆಳಗೆ, ಬರೆದವರ ಹೆಸರನ್ನೂ ಓದಿ.