ವಿಪಿಎನ್ ಸೇರಿದರೂ ಸರ್ವರ್ ಸಿಗದಾಗ

ಮನೆಯಿಂದ ಕೆಲಸ ಮಾಡುವವರು ಪದೇ ಪದೇ ಹೇಳುವ ದೂರು ಇದು: ವಿಪಿಎನ್ ‘ಕನೆಕ್ಟೆಡ್’ ಎನ್ನುತ್ತಿದೆ, ಇಂಟರ್ನೆಟ್ ಚೆನ್ನಾಗಿಯೇ ಇದೆ, ಕಚೇರಿಯ ಫೈಲ್ ಸರ್ವರ್ ಮಾತ್ರ ತೆರೆಯುತ್ತಿಲ್ಲ. ಪಾಸ್‌ವರ್ಡ್ ಬದಲಿಸುತ್ತಾರೆ, ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕುತ್ತಾರೆ, ಅರ್ಧ ದಿನ ಹೋಗುತ್ತದೆ. ಆದರೆ ಕನೆಕ್ಟೆಡ್ ಎಂದರೆ ಲ್ಯಾಪ್‌ಟಾಪ್‌ಗೂ ಕಚೇರಿಯ ಗೇಟ್‌ವೇಗೂ ನಡುವೆ ಗೂಢಲಿಪಿಯ ಸುರಂಗ ತೆರೆದಿದೆ ಎಂದಷ್ಟೇ ಅರ್ಥ. ಯಾವ ಪ್ಯಾಕೆಟ್ ಆ ಸುರಂಗಕ್ಕೆ ಇಳಿಯಬೇಕು, ಯಾವುದು ಮನೆಯ ವೈಫೈಯಲ್ಲೇ ಉಳಿಯಬೇಕು ಎಂದು ತೀರ್ಮಾನಿಸುವುದು ಲ್ಯಾಪ್‌ಟಾಪಿನೊಳಗಿನ ರೂಟಿಂಗ್ ಟೇಬಲ್. ದೋಷ ಹುಡುಕುವವರು ಮೊದಲು ನೋಡಬೇಕಾದದ್ದು ಅದನ್ನೇ.

ಎಲ್ಲರ ಮನೆಯಲ್ಲೂ ಒಂದೇ ವಿಳಾಸ

ಐಪಿವಿ4 ವಿಳಾಸ 32 ಬಿಟ್‌ಗಳದ್ದು, ಒಟ್ಟು ಸುಮಾರು 429 ಕೋಟಿ. ಜಗತ್ತಿನ ಎಲ್ಲ ಸಾಧನಗಳಿಗೂ ಇದು ಸಾಲದು. ಹಾಗಾಗಿ ಯಾರನ್ನೂ ಕೇಳದೆ ಬಳಸಬಹುದಾದ ಮೂರು ಖಾಸಗಿ ಗುಂಪುಗಳನ್ನು 1996ರ ಫೆಬ್ರವರಿಯ ಆರ್‌ಎಫ್‌ಸಿ 1918 ಎಂಬ ದಾಖಲೆ ಗುರುತಿಸುತ್ತದೆ: 10ರಿಂದ ಶುರುವಾಗುವ ಸುಮಾರು 1 ಕೋಟಿ 67 ಲಕ್ಷ ವಿಳಾಸಗಳು, 172.16ರಿಂದ 172.31ರವರೆಗಿನ ಸುಮಾರು 10 ಲಕ್ಷ 48 ಸಾವಿರ, 192.168ರಿಂದ ಶುರುವಾಗುವ 65,536.

ಬೆಂಗಳೂರಲ್ಲೂ ಗಾಂಧಿನಗರವಿದೆ, ಮೈಸೂರಲ್ಲೂ ಇದೆ, ಬಳ್ಳಾರಿಯಲ್ಲೂ ಇದೆ. ಊರಿನ ಹೆಸರು ಬರೆಯದೆ ಬರೀ ‘ಗಾಂಧಿನಗರ’ ಎಂದು ಕಾಗದ ಹಾಕಿದರೆ ಅಂಚೆಯಣ್ಣ ತನ್ನೂರಿನ ಗಾಂಧಿನಗರಕ್ಕೇ ಕೊಂಡೊಯ್ಯುತ್ತಾನೆ. ಖಾಸಗಿ ವಿಳಾಸದ ಸ್ವಭಾವವೂ ಹಾಗೆಯೇ. ಒಂದೊಂದು ಊರೊಳಗೆ ಗೊಂದಲವಿಲ್ಲ. ವಿಪಿಎನ್ ಎರಡು ಊರುಗಳನ್ನು ಜೋಡಿಸಿದಾಗ ತೊಡಕು ಶುರು.

ಪ್ಯಾಕೆಟ್ ದಾರಿ ಆರಿಸುವ ಬಗೆ

ರೂಟಿಂಗ್ ಟೇಬಲ್‌ನ ಒಂದೊಂದು ಸಾಲೂ ‘ಇಂಥ ವಿಳಾಸಗಳಿಗೆ ಈ ದಾರಿ’ ಎನ್ನುತ್ತದೆ. ಒಂದೇ ವಿಳಾಸಕ್ಕೆ ಹಲವು ಸಾಲುಗಳು ಹೊಂದಿದರೆ, ಅತಿ ನಿಖರವಾದ ಸಾಲೇ ಗೆಲ್ಲುತ್ತದೆ. ಓರೆಗೆರೆಯ ಮುಂದಿನ ಸಂಖ್ಯೆ ನಿಖರತೆಯ ಅಳತೆ: /24 ಎಂದರೆ 256 ವಿಳಾಸಗಳ ಕೇರಿ, /32 ಎಂದರೆ ಒಂದೇ ಮನೆ, /0 ಎಂದರೆ ಇಡೀ ಲೋಕ. ನಿಖರತೆ ಸಮವಾದಾಗ ಮಾತ್ರ ಮೆಟ್ರಿಕ್ ಎಂಬ ಅಂಕಿ ನೋಡಲಾಗುತ್ತದೆ. ಅದು ಕಡಿಮೆಯಿದ್ದ ದಾರಿಗೆ ಆದ್ಯತೆ.

ಓಪನ್‌ವಿಪಿಎನ್ ಈ ನಿಯಮವನ್ನು ಜಾಣತನದಿಂದ ಬಳಸಿಕೊಳ್ಳುತ್ತದೆ. ಎಲ್ಲ ಟ್ರಾಫಿಕ್ಕನ್ನೂ ತನ್ನೆಡೆಗೆ ಎಳೆದುಕೊಳ್ಳಬೇಕಾದಾಗ ಹಳೆಯ ಡೀಫಾಲ್ಟ್ ದಾರಿಯನ್ನು ಅಳಿಸದೆ 0.0.0.0/1 ಮತ್ತು 128.0.0.0/1 ಎಂಬ ಎರಡು ಅರ್ಧಗಳನ್ನು ಸೇರಿಸಬಲ್ಲದು. /0ಗಿಂತ /1 ನಿಖರ, ಆದ್ದರಿಂದ ಅದೇ ಗೆಲ್ಲುತ್ತದೆ.

ವಿಳಾಸ ಡಿಕ್ಕಿ

ನನ್ನ ಮಟ್ಟಿಗೆ ಮೊದಲ ಶಂಕೆ ಯಾವಾಗಲೂ ಇದರ ಮೇಲೆ. ಕಚೇರಿಯ ಫೈಲ್ ಸರ್ವರ್ 192.168.1.20ರಲ್ಲಿದೆ ಎಂದುಕೊಳ್ಳಿ. ಮನೆಯ ರೂಟರ್ ಕೂಡ 192.168.1.0/24 ಹಂಚುತ್ತಿದೆ, ಕಾರ್ಖಾನೆಯಿಂದ ಬರುವಾಗಲೇ ಈ ಸಂಖ್ಯೆ ಇರುವ ರೂಟರ್‌ಗಳು ಅಸಂಖ್ಯ. ಲ್ಯಾಪ್‌ಟಾಪ್‌ಗೆ 192.168.1.20 ಎಂದರೆ ಪಕ್ಕದ ಕೋಣೆ. ಅದು ಸುರಂಗದ ಕಡೆ ತಿರುಗಿಯೂ ನೋಡದೆ ಮನೆಯ ವೈಫೈಯಲ್ಲೇ ‘ಯಾರು 20?’ ಎಂದು ಕೂಗುತ್ತದೆ. ಒಮ್ಮೊಮ್ಮೆ ಮನೆಯ ಪ್ರಿಂಟರೋ ಟಿವಿಯೋ ಓಗೊಡುತ್ತದೆ, ಆಗ ಗೊಂದಲ ಇಮ್ಮಡಿ. ಪಿಂಗ್‌ಗೆ ಉತ್ತರ ಬರುತ್ತಿದೆ, ಫೈಲ್ ಮಾತ್ರ ಇಲ್ಲ.

‘ಎಲ್ಲ ಟ್ರಾಫಿಕ್ ವಿಪಿಎನ್ ಮೂಲಕ’ ಎಂಬ ಗುಂಡಿ ಒತ್ತಿದರೆ ಸರಿಹೋಗುತ್ತದೆ ಎಂದು ಹಲವರು ನಂಬುತ್ತಾರೆ. ಸಾಮಾನ್ಯವಾಗಿ ಹೋಗುವುದಿಲ್ಲ, ಏಕೆಂದರೆ ಆ /1 ಸಾಲುಗಳಿಗಿಂತ ಮನೆಯ /24 ನಿಖರ.

ಪತ್ತೆ ಸುಲಭ. ವಿಪಿಎನ್ ಬಿಡಿಸಿ ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್’, ಲಿನಕ್ಸ್‌ನಲ್ಲಿ ‘ಐಪಿ ಅಡ್ರೆಸ್’ ಓಡಿಸಿ ಮನೆಯ ವಿಳಾಸ ಬರೆದಿಟ್ಟುಕೊಳ್ಳಿ. ಮತ್ತೆ ವಿಪಿಎನ್ ಸೇರಿ, ಸರ್ವರ್‌ನ ವಿಳಾಸ ಕೊಟ್ಟು ದಾರಿ ಕೇಳಿ: ಲಿನಕ್ಸ್‌ನಲ್ಲಿ ‘ಐಪಿ ರೂಟ್ ಗೆಟ್’, ಮ್ಯಾಕ್‌ನಲ್ಲಿ ‘ರೂಟ್ ಗೆಟ್’, ವಿಂಡೋಸ್ ಪವರ್‌ಶೆಲ್‌ನಲ್ಲಿ ‘ಫೈಂಡ್-ನೆಟ್‌ರೂಟ್’. ಉತ್ತರದಲ್ಲಿ ವೈಫೈ ಹೆಸರು ಬಂದರೆ ಕಳ್ಳ ಸಿಕ್ಕಿದ. ಆದೇಶಗಳು ಬೇಡವೆನ್ನುವವರು ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾಯಿಸಿ ನೋಡಬಹುದು. ಐಫೋನ್ ಹಾಟ್‌ಸ್ಪಾಟ್ 172.20.10ರ ವಿಳಾಸ ಕೊಡುತ್ತದೆ. ಅಲ್ಲಿ ಸರ್ವರ್ ಸಿಕ್ಕಿ ಮನೆಯ ವೈಫೈಯಲ್ಲಿ ಸಿಗದಿದ್ದರೆ ಡಿಕ್ಕಿಯ ಸಾಧ್ಯತೆ ಬಲವಾಗುತ್ತದೆ.

ತುರ್ತಿಗೆ ಆ ಒಂದು ಸರ್ವರ್‌ಗೆ ಮಾತ್ರ ಸುರಂಗದ ಮೂಲಕ /32 ದಾರಿ ಸೇರಿಸಿದರೆ ಸಾಕು. ಒಂಟಿಮನೆಯ ಸಾಲು ಕೇರಿಯ ಸಾಲನ್ನು ಸೋಲಿಸುತ್ತದೆ. ನೆಮ್ಮದಿಯ ಪರಿಹಾರವೆಂದರೆ ಮನೆಯ ರೂಟರ್‌ನ ಲ್ಯಾನ್ ಸೆಟ್ಟಿಂಗ್‌ನಲ್ಲಿ ವಿಳಾಸವನ್ನು 192.168.77.1ರಂಥ ಅಪರೂಪದ ಸಂಖ್ಯೆಗೆ ಬದಲಿಸುವುದು. ಆಮೇಲೆ ಮನೆಯ ಎಲ್ಲ ಸಾಧನಗಳೂ ಒಮ್ಮೆ ವೈಫೈ ಬಿಟ್ಟು ಸೇರಬೇಕು; ವಿಳಾಸವನ್ನು ಕೈಯಾರೆ ಬರೆದಿಟ್ಟ ಪ್ರಿಂಟರ್ ಇದ್ದರೆ ಅದನ್ನೂ ತಿದ್ದಬೇಕು.

ಡಾಕರ್ ತರುವ ಡಿಕ್ಕಿ

ಸಾಫ್ಟ್‌ವೇರ್ ಬರೆಯುವವರ ಲ್ಯಾಪ್‌ಟಾಪ್‌ನಲ್ಲಿ, ಅದರಲ್ಲೂ ಲಿನಕ್ಸ್‌ನಲ್ಲಿ, ಡಿಕ್ಕಿ ಒಳಗಿನಿಂದಲೇ ಬರಬಹುದು. ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ತನ್ನ ಒಳ ನೆಟ್‌ವರ್ಕ್‌ಗೆ ಸಾಮಾನ್ಯವಾಗಿ 172.17.0.0/16 ಹಿಡಿದುಕೊಳ್ಳುತ್ತದೆ, ಹೊಸ ಪ್ರಾಜೆಕ್ಟ್ ಎಬ್ಬಿಸಿದ ಹಾಗೆ 172.18, 172.19 ಎಂದು ಮುಂದುವರಿಯುತ್ತದೆ. ಕಚೇರಿಯ ಡೇಟಾಬೇಸ್ 172.19ರಲ್ಲಿದ್ದರೆ, ನಿನ್ನೆ ಸಿಕ್ಕ ಸರ್ವರ್ ಇಂದು ಮಾಯ. ಡಾಕರ್‌ನ ವಿಳಾಸ ಗುಂಪನ್ನು ಅದರ ಸೆಟ್ಟಿಂಗ್ ಕಡತದಲ್ಲಿ ಬದಲಿಸಿ, ಹಳೆಯ ನೆಟ್‌ವರ್ಕ್‌ಗಳನ್ನು ಅಳಿಸಿದರೆ ದಾರಿ ಮರಳುತ್ತದೆ.

ಹೋದದ್ದು ಮರಳದಿದ್ದಾಗ

ಪ್ಯಾಕೆಟ್ ಸುರಂಗ ದಾಟಿ ಸರ್ವರ್ ತಲುಪಿಯೂ ಉತ್ತರ ಬಾರದಿರಬಹುದು. ವಿಪಿಎನ್ ನಿಮಗೆ 10.8.0.6ರಂಥ ಹೊಸ ವಿಳಾಸ ಕೊಟ್ಟಿರುತ್ತದೆ. ಕಚೇರಿಯ ರೂಟರ್‌ಗೆ 10.8.0.0/24 ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಉತ್ತರವನ್ನು ಅದು ಇಂಟರ್ನೆಟ್ ಕಡೆಗೆ ತಳ್ಳುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಮನೆಯವರು ಇದಕ್ಕೆ ಏನೂ ಮಾಡಲಾರರು. ಕಚೇರಿಯ ರೂಟರ್‌ನಲ್ಲಿ ಆ ಗುಂಪಿಗೆ ವಿಪಿಎನ್ ಗೇಟ್‌ವೇಯೇ ದಾರಿ ಎಂದು ಒಂದು ಸಾಲು ಬರೆಯಬೇಕು. ಸರ್ವರ್‌ನಲ್ಲಿ ‘ಟಿಸಿಪಿಡಂಪ್’ ಹಚ್ಚಿ ನೋಡಿದರೆ ಪ್ಯಾಕೆಟ್ ಬಂದದ್ದೂ ಉತ್ತರ ಹೊರಟದ್ದೂ ಕಾಣುತ್ತದೆ. ಪಿಂಗ್ ಒಂದನ್ನೇ ನಂಬಬಾರದು, ಫೈರ್‌ವಾಲ್ ಪಿಂಗನ್ನಷ್ಟೇ ತಡೆದು ಉಳಿದದ್ದನ್ನು ಬಿಟ್ಟಿರಬಹುದು. ವಿಂಡೋಸ್ ಪವರ್‌ಶೆಲ್‌ನ ‘ಟೆಸ್ಟ್-ನೆಟ್‌ಕನೆಕ್ಷನ್’ ಬಳಸಿ ಬೇಕಾದ ಪೋರ್ಟನ್ನೇ ತಟ್ಟುವುದು ಮೇಲು.

ದಾರಿಯ ದೋಷವಲ್ಲದ ಎರಡು

ವಿಳಾಸದಿಂದ ಸರ್ವರ್ ತೆರೆದು ಹೆಸರಿನಿಂದ ತೆರೆಯದಿದ್ದರೆ ತಪ್ಪು ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನದು; ಕಚೇರಿಯ ಒಳಹೆಸರು ಮನೆಯ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್‌ಗೆ ಗೊತ್ತಿರುವುದಿಲ್ಲ.

ಲಾಗಿನ್ ಪುಟ ಬಂದು ಮುಂದಿನ ಪುಟ ಅರ್ಧಕ್ಕೇ ನಿಂತರೆ ಪ್ಯಾಕೆಟ್‌ನ ಗಾತ್ರ ನೋಡಿ. ಈಥರ್ನೆಟ್‌ನ ಮಿತಿ 1500 ಬೈಟ್, ಪಿಪಿಪಿಒಇ ಬಳಸುವ ಬ್ರಾಡ್‌ಬ್ಯಾಂಡ್‌ನಲ್ಲಿ 1492. ಸುರಂಗದ ಹೊದಿಕೆಗೂ ಜಾಗ ಬೇಕು. ಹಾಗಾಗಿಯೇ ವೈರ್‌ಗಾರ್ಡ್ ಎಂಬ ವಿಪಿಎನ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ. ಎಂಟಿಯು ಎಂದು ಕರೆಯುವ ಈ ಮಿತಿಯನ್ನು ವಿಪಿಎನ್‌ನಲ್ಲಿ 1300ಕ್ಕೆ ಇಳಿಸಿ ಪರೀಕ್ಷಿಸಿ, ಸರಿಹೋದರೆ ಮೆಲ್ಲಗೆ ಏರಿಸಿ.

ಕಚೇರಿಯವರು ಮಾಡಬಹುದಾದದ್ದು

ಐವತ್ತು ನೌಕರರ ಮನೆಯ ರೂಟರ್ ತಿದ್ದಿಸುವುದಕ್ಕಿಂತ ಕಚೇರಿಯ ವಿಳಾಸ ಬದಲಿಸುವುದು ನ್ಯಾಯ. ಹೊಸದಾಗಿ ನೆಟ್‌ವರ್ಕ್ ಕಟ್ಟುವವರು 192.168.0, 192.168.1, 10.0.0 ಇವುಗಳನ್ನು ಮುಟ್ಟಬಾರದು. 10.87.40.0/24ರಂತೆ 10ರ ಗುಂಪಿನ ನಡುವಿನಿಂದ ಒಂದನ್ನು ಆರಿಸಲಿ. ಹಳೆಯ ಕಚೇರಿಯಲ್ಲಿ ಬದಲಾವಣೆ ಕಷ್ಟವಾದರೆ ಗೇಟ್‌ವೇಯಲ್ಲಿ ಒಂದಕ್ಕೊಂದು ನ್ಯಾಟ್ ಹಾಕಬಹುದು: ಹೊರಗಿನವರು 10.87.40.20 ಎಂದು ಕರೆಯುತ್ತಾರೆ, ಗೇಟ್‌ವೇ ಅದನ್ನು 192.168.1.20 ಎಂದು ಬದಲಿಸಿ ಒಳಗೆ ಕಳಿಸುತ್ತದೆ. ಹಾಗೆ ಮಾಡಿದಾಗ ಡಿಎನ್‌ಎಸ್ ಕೂಡ ವಿಪಿಎನ್ ಬಳಕೆದಾರರಿಗೆ 10.87.40ರ ವಿಳಾಸವನ್ನೇ ಹೇಳುವಂತೆ ತಿದ್ದಬೇಕು.