ಮಂಗನ ಕಾಯಿಲೆಯಲ್ಲಿ ಕಾಡುಪ್ರಾಣಿಗಳ ಪಾತ್ರ: ಉಣುಗಿನ ಜೀವನಚಕ್ರದ ನೆಲೆಯಿಂದ ಒಂದು ಪರಿಶೀಲನೆ

ಸಾರಾಂಶ

ಮಂಗನ ಕಾಯಿಲೆ ಎಂದೇ ಕರೆಯುವ ಕ್ಯಾಸನೂರು ಕಾಡಿನ ಕಾಯಿಲೆಯ ಚರ್ಚೆಯಲ್ಲಿ ಕಾಡುಪ್ರಾಣಿಗಳನ್ನೆಲ್ಲ ರೋಗ ಹರಡುವ ಒಂದೇ ಗುಂಪಾಗಿ ನೋಡುವ ರೂಢಿಯಿದೆ. ಆದರೆ ವೈರಾಣುವನ್ನು ಸದ್ದಿಲ್ಲದೆ ಚಾಲ್ತಿಯಲ್ಲಿಡುವ ಪ್ರಾಣಿ, ಅದನ್ನು ಒಮ್ಮೆಗೇ ಹೆಚ್ಚಿಸುವ ಪ್ರಾಣಿ, ಉಣುಗಿನ ಸಂಖ್ಯೆ ಬೆಳೆಸುವ ಪ್ರಾಣಿ ಬೇರೆ ಬೇರೆ. ನಿಯಂತ್ರಣ ಕ್ರಮಗಳು ಈ ಭೇದವನ್ನು ಆಧರಿಸಬೇಕೆಂಬುದು ಈ ಲೇಖನದ ವಾದ.

ಹಿನ್ನೆಲೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರು ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಇವೆರಡೂ ಒಟ್ಟಿಗೆ ಕಂಡಿದ್ದರಿಂದ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಆತಂಕ ಮೂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ತಜ್ಞರು ಮುಸಿಯ ಜಾತಿಯ ಮಂಗದ ದೇಹದಿಂದ ಬೇರ್ಪಡಿಸಿದ ವೈರಾಣು ಹೊಸದಾಗಿತ್ತು. ಸೈಬೀರಿಯಾದ ಓಮ್ಸ್ಕ್ ರಕ್ತಸ್ರಾವ ಜ್ವರದ ವೈರಾಣುವಿಗೆ ಅದು ಹತ್ತಿರದ ಸಂಬಂಧಿ. ಅದನ್ನು ಹರಡುವ ಮುಖ್ಯ ಜೀವಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಜಾತಿಯ ಉಣುಗು.

ಉಣುಗಿನ ಜೀವನಚಕ್ರ

ಈ ಉಣುಗು ಮರಿ, ಎಳೆ ಉಣುಗು, ಬೆಳೆದ ಉಣುಗು ಎಂಬ ಮೂರು ಹಂತಗಳಲ್ಲಿ ಮೂರು ಪ್ರಾಣಿಗಳ ರಕ್ತ ಹೀರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕಾಣಿಸಿಕೊಳ್ಳುವ ಮರಿಗಳು ಇಲಿ, ಮೂಗಿಲಿ, ಅಳಿಲು, ಮಂಗಗಳಿಗೆ ಹತ್ತುತ್ತವೆ. ಸೋಂಕಿರುವ ರಕ್ತ ಹೀರಿದ ಮರಿ ನೆಲಕ್ಕುದುರಿ, ದರಕಿನಡಿ (ಉದುರಿದ ಒಣ ಎಲೆಗಳಡಿ) ಪೊರೆ ಕಳಚಿ ಎಳೆ ಉಣುಗಾಗುವಾಗಲೂ ವೈರಾಣು ಅದರೊಳಗೆ ಉಳಿದಿರುತ್ತದೆ. ಎಳ್ಳುಕಾಳಿನಷ್ಟಿರುವ ಈ ಎಳೆ ಉಣುಗು ಗಿಡದ ತುದಿಯಲ್ಲಿ ಮುಂಗಾಲು ಚಾಚಿ ಕಾಯುತ್ತದೆ. ನವೆಂಬರಿನಿಂದ ಮೇ ತನಕ ಅದರ ಕಾಲ. ಮಲೆನಾಡಿನವರು ದರಕು ಗುಡಿಸಲು, ಸೊಪ್ಪು, ಸೌದೆ ತರಲು ಕಾಡಿಗೆ ಹೋಗುವುದೂ ಆ ತಿಂಗಳುಗಳಲ್ಲೇ.

ಪ್ರಾಣಿಗಳ ಭಿನ್ನ ಪಾತ್ರ

ಕಾಡಿಲಿ, ಮೂಗಿಲಿಗಳಲ್ಲಿ ವೈರಾಣು ಪತ್ತೆಯಾಗಿದೆ. ಇವುಗಳ ನಡುವೆ ಸೋಂಕು ಸುತ್ತುತ್ತಿದ್ದರೂ ಕಣ್ಣಿಗೆ ಬೀಳುವಂಥ ಸಾವುಗಳಿಲ್ಲ. ಮುಸಿಯ ಮತ್ತು ಕೆಂಪು ಮಂಗಗಳ ಸ್ಥಿತಿ ಬೇರೆ. ಅವುಗಳ ರಕ್ತದಲ್ಲಿ ವೈರಾಣು ಮಿತಿಮೀರಿ ಹೆಚ್ಚುತ್ತದೆ. ಅನೇಕ ಮಂಗಗಳು ಸಾಯುತ್ತವೆ. ದೇಹ ತಣ್ಣಗಾಗುತ್ತಿದ್ದಂತೆ ಮೈಮೇಲಿನ ಉಣುಗುಗಳು ಇಳಿದು ಸುತ್ತಲ ನೆಲದಲ್ಲಿ ಚದುರುತ್ತವೆ. ಶವ ಬಿದ್ದ ಜಾಗ ಹೀಗೆ ಅಪಾಯದ ತಾಣವಾಗುತ್ತದೆ.

ದನಗಳದು ಮೂರನೆಯ ಬಗೆ. ಉಣುಗಿಗೆ ಸೋಂಕು ತಗಲಿಸುವಷ್ಟು ವೈರಾಣು ಅವುಗಳ ರಕ್ತದಲ್ಲಿ ಬೆಳೆಯದು. ಆದರೆ ಬೆಳೆದ ಹೆಣ್ಣು ಉಣುಗು ಹೊಟ್ಟೆ ತುಂಬಿಸಿಕೊಂಡು ಮೊಟ್ಟೆಯಿಡುವುದು ದನದಂಥ ದೊಡ್ಡ ಪ್ರಾಣಿಯ ರಕ್ತದಿಂದ. ಕಾಡಂಚಿನ ಮೇವಿನ ಜಾಗಗಳಲ್ಲಿ ಉಣುಗು ಹೆಚ್ಚಲು ಇದೇ ಕಾರಣ. ಇನ್ನು ಮನುಷ್ಯನಿಂದ ಮನುಷ್ಯನಿಗೆ ಕಾಯಿಲೆ ಹರಡದು. ಆದರೆ ಸೋಂಕಿತರಲ್ಲಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ.

ಕಾಡಂಚಿನ ಬದಲಾವಣೆ

1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆ ಗೇರು ತೋಪಿಗಾಗಿ ಕಾಡು ಕಡಿದ ಬೆನ್ನಲ್ಲೇ ಕಾಯಿಲೆ ಭೀಕರವಾಗಿ ಹಬ್ಬಿತು. ಕಾಡು, ಗದ್ದೆ, ತೋಟಗಳು ಒತ್ತೊತ್ತಾಗಿ ಬೆರೆತಷ್ಟೂ ಇಲಿ, ಮಂಗ, ದನ, ಮನುಷ್ಯ ಒಂದೇ ನೆಲ ತುಳಿಯುತ್ತವೆ. 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲೂ ರೋಗ ದೃಢಪಟ್ಟಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ತತ್ತರಿಸಿತು.

ಸಮಾರೋಪ

ಮಂಗಗಳನ್ನು ಓಡಿಸುವುದರಿಂದ ಅಥವಾ ಕೊಲ್ಲುವುದರಿಂದ ಕಾಯಿಲೆ ತಗ್ಗದು. ದರಕಿನಡಿಯ ಉಣುಗೂ ಇಲಿಗಳ ನಡುವಿನ ಸೋಂಕೂ ಹಾಗೆಯೇ ಇರುತ್ತವೆ, ಎಚ್ಚರಿಕೆ ಕೊಡುವ ಪ್ರಾಣಿಯೊಂದು ಮಾತ್ರ ಇಲ್ಲವಾಗುತ್ತದೆ. ಈ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತ ಮೇಲಂತೂ ಮುನ್ಸೂಚನೆಯೇ ದೊಡ್ಡ ಆಸರೆ. ಆದ್ದರಿಂದ ಮಂಗ ಸತ್ತ ಸುದ್ದಿಯನ್ನು ಮನುಷ್ಯ ರೋಗಿಯ ವರದಿಯಷ್ಟೇ ಗಂಭೀರವಾಗಿ ದಾಖಲಿಸಬೇಕು. ಅರಣ್ಯ, ಪಶುಪಾಲನಾ, ಆರೋಗ್ಯ ಇಲಾಖೆಗಳು ಅದನ್ನು ಅಂದೇ ಹಂಚಿಕೊಳ್ಳಬೇಕು. ಉಣುಗಿನ ಸಮೀಕ್ಷೆ ನವೆಂಬರಿಗೆ ಮೊದಲೇ ಆರಂಭವಾಗಬೇಕು. ಕಾಡಿಗೆ ಹೋಗದೆ ಬದುಕು ಸಾಗದ ಕೂಲಿಕಾರರಿಗೂ ರೈತರಿಗೂ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಮೊದಲ ಸಾವಿಗಿಂತ ಮುಂಚೆ ತಲುಪಬೇಕು. ಕಾಡಂಚಿನ ನೆಲಬಳಕೆ ಬದಲಿಸುವ ಪ್ರತಿ ಯೋಜನೆಯಲ್ಲೂ ಈ ಕಾಯಿಲೆಯ ಅಪಾಯವನ್ನು ಲೆಕ್ಕಕ್ಕೆ ಹಿಡಿಯಬೇಕು.